ಮೇರಿ ಡ್ರೆಸ್ಲರ್ ಪೋಷಕ ನಟಿಯೆ?

1914ರ ‘ಟಿಲ್ಲೀಸ್ ಪಂಕ್ಚರ್ಡ್ ರೊಮಾನ್ಸ್’ ಚಿತ್ರದ ಹೆಸರೆತ್ತಿದರೆ ಸಾಕು, ಸಿನಿಮಾ ಪಂಡಿತರು “ಓಹೋ, ಚಾಪ್ಲಿನ್ ಚಿತ್ರ” ಎನ್ನುತ್ತಾರೆ. ಅಲ್ಲ ಸ್ವಾಮಿ, ಅದು ಮೇರಿ ಡ್ರೆಸ್ಲರ್ ಚಿತ್ರ. 1910ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ‘ಟಿಲ್ಲೀಸ್ ನೈಟ್‌ಮೇರ್’ ನಾಟಕ ಆಡಿ ಜನರನ್ನು ನಗಿಸಿದವಳು ಆಕೆ. ಆ ಹೆಸರಿನ ಬಲದ ಮೇಲೆಯೇ ಮ್ಯಾಕ್ ಸೆನೆಟ್ ಸಿನಿಮಾ ತೆಗೆದದ್ದು. ಚಾಪ್ಲಿನ್ ಚಿತ್ರರಂಗಕ್ಕೆ ಕಾಲಿಟ್ಟು ಆಗಿನ್ನೂ ವರ್ಷ ತುಂಬಿರಲಿಲ್ಲ. ಹಳ್ಳಿ ಹೆಣ್ಣಿನ ದುಡ್ಡಿಗೆ ಬಾಯಿಬಿಡುವ ಠಕ್ಕನ ಪಾತ್ರ ಅವನದು. ಮುಂದೆ ಅವನು ದೊಡ್ಡವನಾದ. ಚಿತ್ರ ಮತ್ತೆ ತೆರೆಗೆ ಬಂದಾಗ ಅವನ ಹೆಸರು ಮೇಲೇರಿತು. ಅಂಕಪಟ್ಟಿಯಲ್ಲಿ ಹೀಗೆ ಹೆಸರು ಬದಲಾದರೆ ನಾವು ಸುಮ್ಮನಿರುತ್ತೇವೆಯೆ?

1868ರಲ್ಲಿ ಕೆನಡಾದ ಕೋಬರ್ಗ್‌ನಲ್ಲಿ ಹುಟ್ಟಿ, ಹದಿಹರೆಯದಲ್ಲೇ ಊರೂರು ತಿರುಗುವ ನಾಟಕ ಕಂಪನಿ ಸೇರಿ ಪಳಗಿದ ಹೆಣ್ಣನ್ನು ‘ಪೋಷಕ ನಟಿ’ ಎಂದು ಪಕ್ಕಕ್ಕೆ ಕೂರಿಸುವುದು ಯಾಕೆ? ದಪ್ಪ ಮೈ, ಅಗಲ ಮುಖ, ಮೇಲಾಗಿ ವಯಸ್ಸು. ನಾಯಕಿ ಎಂದರೆ ಬಳುಕಬೇಕಲ್ಲ!

1919ರಲ್ಲಿ ಬ್ರಾಡ್‌ವೇ ನಟರು ಮುಷ್ಕರ ಹೂಡಿದರು. ತಾಲೀಮಿಗೆ ಸಂಬಳವಿರಲಿಲ್ಲ, ಮೇಳದ ಹುಡುಗಿಯರಿಗಂತೂ ಶೂ, ಕಾಲುಚೀಲದ ಖರ್ಚೂ ಅವರ ತಲೆಗೇ. ಹೆಸರು ಮಾಡಿದ ಡ್ರೆಸ್ಲರ್‌ಗೆ ಅದರ ಗೊಡವೆ ಬೇಕಿರಲಿಲ್ಲ. ಆದರೂ ಆ ಹುಡುಗಿಯರ ಸಂಘಕ್ಕೆ ಮೊದಲ ಅಧ್ಯಕ್ಷೆಯಾಗಿ ನಿಂತಳು. ಒಂದು ತಿಂಗಳಲ್ಲಿ ಮುಷ್ಕರ ಗೆದ್ದಿತು. ಆದರೆ ಮುಂದಿನ ವರ್ಷಗಳಲ್ಲಿ ಆಕೆಗೇ ಕೆಲಸ ವಿರಳವಾಯಿತು. “ವಯಸ್ಸಾಯಿತಲ್ಲ” ಎನ್ನುತ್ತಾರೆ. ಐವತ್ತು ದಾಟಿದ ಗಂಡಸರು ಅದೇ ರಂಗದ ಮೇಲೆ ಮೆರೆಯುತ್ತಲೇ ಇದ್ದರಲ್ಲ, ಅವರಿಗೆ ವಯಸ್ಸಾಗಿರಲಿಲ್ಲವೆ?

ಆಕೆಯ ಕೈಹಿಡಿದದ್ದು ಇನ್ನೊಬ್ಬ ಹೆಂಗಸು, ಚಿತ್ರಕಥೆ ಬರೆಯುತ್ತಿದ್ದ ಫ್ರಾನ್ಸಿಸ್ ಮರಿಯನ್. 1927ರಲ್ಲಿ ಆಕೆಗೆಂದೇ ಪಾತ್ರ ಬರೆದು ಮತ್ತೆ ತೆರೆಗೆ ಕರೆತಂದಳು. 1930ರ ‘ಅನ್ನಾ ಕ್ರಿಸ್ಟಿ’ ಗ್ರೇಟಾ ಗಾರ್ಬೋಳ ಮೊದಲ ಮಾತಿನ ಚಿತ್ರ; ಅದರಲ್ಲಿ ಬಂದರುಕಟ್ಟೆಯ ಮುದಿ ಕುಡುಕಿಯಾದ ಡ್ರೆಸ್ಲರ್ ಗಾರ್ಬೋಳ ಎದುರಿಗೇ ದೃಶ್ಯ ಕಸಿದುಕೊಂಡಳು. ಅದೇ ವರ್ಷ ‘ಮಿನ್ ಅಂಡ್ ಬಿಲ್’. ತಾಯಿ ತೊರೆದ ಹುಡುಗಿಯನ್ನು ಸಾಕುವ, ಬಂದರಿನ ಬಡ ಹೋಟೆಲಿನ ಒಡತಿ ಮಿನ್. (ಹೆಸರಿನಲ್ಲಿ ಬಿಲ್ ಆಮೇಲೆ, ಗಮನಿಸಿ.) ಆ ಪಾತ್ರಕ್ಕೆ 1931ರ ನವೆಂಬರಿನಲ್ಲಿ, ಅರವತ್ತಮೂರು ತುಂಬಿದ ಮರುದಿನ, ಆಸ್ಕರ್ ಬಂತು. ಪೋಷಕ ನಟಿಗಲ್ಲ, ಶ್ರೇಷ್ಠ ನಟಿಗೆ.

“ಮುದಿವಯಸ್ಸಿನ ಅದೃಷ್ಟ” ಎನ್ನುವವರಿಗೆ ಇನ್ನೊಂದು ಲೆಕ್ಕ. 1932 ಮತ್ತು 1933ರಲ್ಲಿ ಅಮೆರಿಕದ ಚಿತ್ರಮಂದಿರಗಳವರು, ಗಲ್ಲಾಪೆಟ್ಟಿಗೆ ತುಂಬಿಸುವ ತಾರೆ ಯಾರೆಂಬ ಪ್ರಶ್ನೆಗೆ ಎರಡು ಸಲವೂ ಮೊದಲು ಬರೆದದ್ದು ಇದೇ ದಪ್ಪ ಹೆಂಗಸಿನ ಹೆಸರನ್ನು. ಅದು ಆರ್ಥಿಕ ಕುಸಿತದ ಕಾಲ. ಕೆಲಸ ಕಳೆದುಕೊಂಡ ಜನ ಚಿಲ್ಲರೆ ಕಾಸು ಎಣಿಸಿ ಟಿಕೆಟ್ ಕೊಂಡು ನೋಡಲು ಬಂದದ್ದು ಆಕೆಯನ್ನು. 1934ರ ಜುಲೈನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಳ್ಳುವವರೆಗೂ ಆಕೆ ತಾರೆಯೇ ಆಗಿದ್ದಳು.