ಸೇಂಟ್ ಮೇರೀಸ್: ಹೆಸರಿಗೆ ಸ್ಮಾರಕ, ಬಳಕೆಗೆ ಬೀಚ್

ಉಡುಪಿ: ಮಲ್ಪೆಯಿಂದ ಸುಮಾರು 6 ಕಿ.ಮೀ. ದೂರದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯಲ್ಲಿ ಅರ್ಧ ಗಂಟೆಯ ಹಾದಿ. ಮಳೆಗಾಲದಲ್ಲಿ ದೋಣಿ ಸಂಚಾರವಿರುವುದಿಲ್ಲ. ಉಳಿದ ದಿನಗಳಲ್ಲಿ ಬರುವ ಪ್ರವಾಸಿಗರಲ್ಲಿ ಬಹುತೇಕರಿಗೆ ಇದು ತೆಂಗಿನ ಮರಗಳ ನೆರಳಿರುವ ಮತ್ತೊಂದು ಬೀಚ್ ಮಾತ್ರ. ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿ ಇಳಿದನೆಂಬ ಪ್ರತೀತಿಯಾದರೂ ಹಲವರಿಗೆ ಗೊತ್ತು. ಆದರೆ ದ್ವೀಪದ ನಿಜವಾದ ಸಂಪತ್ತು ಅವರ ಕಾಲಡಿಯಲ್ಲಿಯೇ ಇದೆ.

ಐದು, ಆರು, ಏಳು ಮುಖಗಳ ಕಲ್ಲಿನ ಕಂಬಗಳು ಇಲ್ಲಿ ಒತ್ತೊತ್ತಾಗಿ ನಿಂತಿವೆ. ಲಾವಾರಸ ತಣಿಯುತ್ತಾ ಕುಗ್ಗಿದಾಗ ಬಿರುಕು ಬಿಟ್ಟು ಮೂಡಿದ ಆಕೃತಿಗಳಿವು. ಇವುಗಳ ವಯಸ್ಸು ಸುಮಾರು 8.8 ಕೋಟಿ ವರ್ಷ. ದಖನ್ ಪ್ರಸ್ಥಭೂಮಿಯ ಕಪ್ಪು ಶಿಲೆಗಿಂತ ಎರಡು ಕೋಟಿ ವರ್ಷಗಳಷ್ಟು ಹಳತು. ಭಾರತ ಮತ್ತು ಮಡಗಾಸ್ಕರ್ ಬೇರ್ಪಟ್ಟ ಕಾಲದ ಜ್ವಾಲಾಮುಖಿ ಚಟುವಟಿಕೆಗೆ ಇವು ಸಾಕ್ಷಿ. ಈ ಕಾರಣದಿಂದಲೇ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ದ್ವೀಪವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ.

ಈ ಗೌರವಕ್ಕೆ ಬಲವೆಷ್ಟು ಎಂಬ ಪ್ರಶ್ನೆ ಮೂಡುವುದು ಸಹಜ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯು ಕನಿಷ್ಠ ನೂರು ವರ್ಷ ಹಳೆಯದಾದ, ಐತಿಹಾಸಿಕ ಅಥವಾ ಕಲಾತ್ಮಕ ಮಹತ್ವವುಳ್ಳ ಕಟ್ಟಡ, ಶಿಲ್ಪ, ಶಾಸನಗಳನ್ನು ರಕ್ಷಿಸುತ್ತದೆ. ಮನುಷ್ಯ ಹುಟ್ಟುವ ಮೊದಲೇ ರೂಪುಗೊಂಡ ಶಿಲೆ ಆ ಚೌಕಟ್ಟಿಗೆ ಒಗ್ಗುವುದಿಲ್ಲ. ಈ ಕೊರತೆ ತುಂಬಲೆಂದೇ ಕೇಂದ್ರ ಗಣಿ ಸಚಿವಾಲಯವು 2022ರ ಡಿಸೆಂಬರ್‌ನಲ್ಲಿ ಭೂಪರಂಪರೆಯ ತಾಣಗಳ ರಕ್ಷಣೆಗೆ ಕರಡು ಮಸೂದೆಯೊಂದನ್ನು ಪ್ರಕಟಿಸಿತು. ತಾಣಗಳನ್ನು ಘೋಷಿಸುವ ಮತ್ತು ಹಾನಿ ಮಾಡಿದವರನ್ನು ದಂಡಿಸುವ ಅಧಿಕಾರ ಅದರಲ್ಲಿದೆ. ಆದರೆ ದೋಣಿ ಇಳಿದವನು ಯಾವ ಕಂಬವನ್ನು ಹತ್ತಬಾರದು ಎಂದು ಹೇಳಬೇಕಾದವರು ದೆಹಲಿಯಲ್ಲಿಲ್ಲ, ದಡದಲ್ಲಿದ್ದಾರೆ.

ಇದು ಕಲ್ಲಿನ ರಕ್ಷಣೆಗಷ್ಟೇ ಸಂಬಂಧಿಸಿದ ಮಾತೂ ಅಲ್ಲ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ವಿದ್ಯಾರ್ಥಿಗಳು ಈ ದ್ವೀಪದಲ್ಲಿ ಸಮುದ್ರಪಾಲಾದರು. ಇಲ್ಲಿ ಕಂಬಗಳ ಸಾಲು ನೇರವಾಗಿ ನೀರಿಗಿಳಿಯುತ್ತದೆ. ಅಲೆ ಬಡಿಯುವ ಜಾಗದಲ್ಲಿ ಕಲ್ಲು ಸದಾ ಒದ್ದೆ, ಪಾಚಿಯಿಂದ ಜಾರು. ಫೋಟೋ ತೆಗೆಯಲು ಜನರನ್ನು ಸೆಳೆಯುವುದೂ ಅದೇ ಅಂಚು. ಸ್ಮಾರಕ ಸವೆಯುವುದೂ ಜೀವ ಹೋಗುವುದೂ ಒಂದೇ ಜಾಗದಲ್ಲಿ ಎಂಬುದು ಗಮನಾರ್ಹ.

ಆದ್ದರಿಂದ ಪರಿಹಾರವೂ ಒಂದೇ ಆಗಬಲ್ಲದು. ದ್ವೀಪದ ಮುಖ್ಯ ಭಾಗದ ಉದ್ದ ಸುಮಾರು ಅರ್ಧ ಕಿ.ಮೀ. ಮಾತ್ರ. ಇಷ್ಟು ಚಿಕ್ಕ ಜಾಗದಲ್ಲಿ ನಡೆಯಲು ಒಂದು ಕಾಲುದಾರಿ ಗುರುತಿಸುವುದು, ಅದರಾಚೆಗಿನ ಕಂಬಗಳನ್ನು ಮುಟ್ಟದಂತೆ ಕಾಯುವುದು, ಒಂದು ಸಲಕ್ಕೆ ಇಷ್ಟೇ ಜನ ಎಂದು ಮಿತಿ ಹಾಕುವುದು ಅಸಾಧ್ಯವೇನಲ್ಲ. ದ್ವೀಪಕ್ಕೆ ದೋಣಿಯೊಂದೇ ದಾರಿಯಾದ್ದರಿಂದ ಲೆಕ್ಕ ಇಡುವುದೂ ಸುಲಭ. ಮಲ್ಪೆಯ ಮೀನುಗಾರ ಕುಟುಂಬಗಳ ಯುವಕರನ್ನು ಮಾರ್ಗದರ್ಶಕರನ್ನಾಗಿ ತರಬೇತುಗೊಳಿಸಿದರೆ ಕಲ್ಲಿನ ಕಥೆ ಹೇಳುವವರೂ ಕಡಲಿನ ಗುಣ ಬಲ್ಲವರೂ ಒಬ್ಬರೇ ಆಗುತ್ತಾರೆ.

ಜನರನ್ನು ದೂರವಿಡುವುದು ರಕ್ಷಣೆಯಲ್ಲ. ಟಿಕೆಟ್ ಕೊಟ್ಟು ದಡಕ್ಕೆ ಬಿಟ್ಟು ಕೈತೊಳೆದುಕೊಳ್ಳುವುದಂತೂ ಪ್ರವಾಸೋದ್ಯಮವಲ್ಲ. 8.8 ಕೋಟಿ ವರ್ಷ ಅಲೆಗಳನ್ನು ತಾಳಿಕೊಂಡ ಶಿಲೆಗೆ ಕಾನೂನು ಬರುವವರೆಗೆ ಕಾಯುವ ಶಕ್ತಿ ಇರಬಹುದು. ಜಾರುವ ಅಂಚಿನಲ್ಲಿ ನಿಂತವನಿಗೆ ಅಷ್ಟು ಸಮಯವಿಲ್ಲ.