ಅರಿಶಿನದ ಹೊಳಪನ್ನು ನಂಬಬಹುದೇ?

ದಾಸೋಹದ ಸಾರಿಗೂ ಮಗುವಿನ ಗಾಯಕ್ಕೂ ಮದುಮಗಳ ಕೆನ್ನೆಗೂ ಅರಿಶಿನ ಬೇಕು. ಅಂಗಡಿಯಲ್ಲಿ ಅದನ್ನು ನಾವು ಆರಿಸುವುದು ಮಾತ್ರ ಬಣ್ಣ ನೋಡಿ. ಹೊಳೆಯುವ ಕೊಂಬಿಗೆ ಬೆಲೆ ಹೆಚ್ಚು, ಮಂಕಾದುದನ್ನು ಕೇಳುವವರಿಲ್ಲ. ಕಲಬೆರಕೆಗೆ ಬಾಗಿಲು ತೆರೆದುಕೊಟ್ಟಿರುವುದು ನಮ್ಮ ಈ ಅಭ್ಯಾಸವೇ.

ಬಾಂಗ್ಲಾದೇಶದಲ್ಲಿ ಮಂಕಾದ ಕೊಂಬುಗಳಿಗೆ ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣವನ್ನು ಬಳಿಯುವ ರೂಢಿ ದಶಕಗಳ ಕಾಲ ನಡೆದಿತ್ತು. ಅದು ಕಾರ್ಖಾನೆಯ ಬಣ್ಣ, ಆಹಾರವಲ್ಲ. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಇಷ್ಟು ಸೇರಿದರೆ ಅಪಾಯವಿಲ್ಲ ಎಂಬ ಮಟ್ಟವೇ ಅದಕ್ಕಿಲ್ಲ. ಕಣ್ಣಿಗೆ ಕಾಣದು, ನಾಲಿಗೆಗೆ ತಿಳಿಯದು.

ಅದನ್ನು ಬಯಲಿಗೆ ತಂದದ್ದು ಕೈಯಲ್ಲಿ ಹಿಡಿಯಬಹುದಾದ ಒಂದು ಉಪಕರಣ. ಅದು ವಸ್ತುವಿನ ಮೇಲೆ ಕ್ಷ-ಕಿರಣವನ್ನು ಹಾಯಿಸುತ್ತದೆ. ಪ್ರತಿಯೊಂದು ಮೂಲವಸ್ತುವೂ ತನ್ನದೇ ಆದ ಕಿರಣವನ್ನು ಮರಳಿ ಸೂಸುತ್ತದೆ. ಸೀಸವಿದ್ದರೆ ಕೆಲವೇ ನಿಮಿಷಗಳಲ್ಲಿ ಸುಳಿವು ದೊರೆಯುತ್ತದೆ. ಅಧಿಕಾರಿಗಳು ಈ ಉಪಕರಣವನ್ನು ಹಿಡಿದು ಸಗಟು ಮಾರುಕಟ್ಟೆಗೇ ಹೋದರು, ವ್ಯಾಪಾರಿಗಳಿಗೆ ದಂಡ ವಿಧಿಸಿದರು, ಎಚ್ಚರಿಕೆಯ ಭಿತ್ತಿಪತ್ರಗಳನ್ನು ಹಚ್ಚಿದರು. 2019ರಲ್ಲಿ ಮಾರುಕಟ್ಟೆಯ ಮಾದರಿಗಳಲ್ಲಿ ಶೇ. 47ರಷ್ಟರಲ್ಲಿ ಕಂಡುಬಂದಿದ್ದ ಸೀಸ 2021ರ ವೇಳೆಗೆ ಯಾವ ಮಾದರಿಯಲ್ಲೂ ಪತ್ತೆಯಾಗಲಿಲ್ಲ. ಅರಿಶಿನದ ಗಿರಣಿಗಳಲ್ಲಿ ದುಡಿಯುವವರ ರಕ್ತದಲ್ಲಿಯೂ ಸೀಸದ ಪ್ರಮಾಣ ತಗ್ಗಿತು. ಯಂತ್ರವೊಂದರಿಂದಲೇ ಇದಾಯಿತೆಂದು ನಾನು ಹೇಳಲಾರೆ; ಆದರೆ ಯಂತ್ರವಿಲ್ಲದೆ ಯಾರೂ ವ್ಯಾಪಾರಿಯ ಮುಂದೆ ಖಚಿತವಾಗಿ ನಿಲ್ಲಲು ಸಾಧ್ಯವಿರಲಿಲ್ಲ.

ಇದು ನೆರೆಮನೆಯ ಸಂಗತಿ ಎಂದು ನಿರಾಳವಾಗಿರುವಂತಿಲ್ಲ. ನಮ್ಮ ದೇಶದಲ್ಲಿ ಅರಿಶಿನಕ್ಕೆ ನಿಗದಿಯಾದ ಸೀಸದ ಮಿತಿ ಕಿಲೋಗೆ 10 ಮಿಲಿಗ್ರಾಂ. 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪಟನಾದಿಂದ ತಂದ ಅರಿಶಿನದಲ್ಲಿ ಅದು 1,000 ಮಿಲಿಗ್ರಾಂ ಮೀರಿತ್ತು.

ಬೆಳಕನ್ನು ಹಾಯಿಸಿ ವಸ್ತುವಿನ ಗುಣವನ್ನು ಅರಿಯುವ ವಿದ್ಯೆಗೆ ನಮ್ಮವರ ಕೊಡುಗೆ ದೊಡ್ಡದು. 1928ರಲ್ಲಿ ಕಲ್ಕತ್ತೆಯಲ್ಲಿ ರಾಮನ್ ಪರಿಣಾಮವನ್ನು ಕಂಡ ಸರ್ ಸಿ. ವಿ. ರಾಮನ್ ತಮ್ಮ ಉತ್ತರಾರ್ಧವನ್ನು ಬೆಂಗಳೂರಿನಲ್ಲಿಯೇ ಕಳೆದರು. ಅವರ ಹೆಸರಿನ ವಿಧಾನವಿಂದು ಅಣುಗಳನ್ನೇ ಗುರುತಿಸಿ ಔಷಧಗಳ ಸಾಚಾತನವನ್ನು ಪರೀಕ್ಷಿಸುತ್ತಿದೆ. ಸೂಕ್ಷ್ಮತರಂಗಕ್ಕೂ ಅವಕೆಂಪು ಕಿರಣಕ್ಕೂ ನಡುವಣ ಟೆರಾಹರ್ಟ್ಸ್ ತರಂಗಗಳು ಕಾಗದ, ಪ್ಲಾಸ್ಟಿಕ್ಕುಗಳನ್ನು ದಾಟಿ ಒಳಗಿನ ಒಣ ಪುಡಿಯನ್ನು ಗುರುತಿಸಬಲ್ಲವು. ನೀರು ಅವನ್ನು ಹೀರಿಬಿಡುವುದರಿಂದ ಹಸಿ ಪದಾರ್ಥಗಳಲ್ಲಿ ಸೋಲುತ್ತವೆ. ಅವುಗಳ ಬಳಕೆಯಿನ್ನೂ ಬಹುಮಟ್ಟಿಗೆ ಪ್ರಯೋಗಾಲಯಕ್ಕೇ ಸೀಮಿತ. (ಇದೇ ಹೆಸರನ್ನು ಹೇಳಿಕೊಂಡು ಸರ್ವರೋಗ ನಿವಾರಕವೆಂದು ಕಲ್ಲನ್ನೂ ಬಿಸಿಗಾಳಿ ಊದುವ ಯಂತ್ರವನ್ನೂ ಮಾರುವವರಿದ್ದಾರೆ. ಭಕ್ತರು ಅವರಿಗೆ ಹಣ ಕೊಡಬಾರದು.)

ಸಾವಿರಾರು ಜನರಿಗೆ ಪ್ರಸಾದ ನೀಡುವ ಮಠಗಳು ಅರಿಶಿನವನ್ನು ಚೀಲಗಟ್ಟಲೆ ಕೊಳ್ಳುತ್ತವೆ. ಅಂಥ ಖರೀದಿದಾರರು ಸೀಸದ ಪರೀಕ್ಷಾ ವರದಿಯನ್ನು ಕೇಳಿದರೆ ವ್ಯಾಪಾರಿ ಕೊಡಲೇಬೇಕಾಗುತ್ತದೆ; ಒಂಟಿ ಗೃಹಿಣಿ ಕೇಳಿದರೆ ಆತ ನಕ್ಕುಬಿಡಬಹುದು. ಮೈಸೂರಿನ ಸಿ.ಎಫ್.ಟಿ.ಆರ್.ಐ. ಸೇರಿದಂತೆ ಆಹಾರ ಪರೀಕ್ಷೆಯ ಪ್ರಯೋಗಾಲಯಗಳು ನಮ್ಮ ನಾಡಿನಲ್ಲಿಯೇ ಇವೆ. ಜಾತ್ರೆಯ ದಾಸೋಹಕ್ಕೆ ದವಸ ಸಂಗ್ರಹಿಸುವ ಸಮಿತಿಗಳು ಈ ವರ್ಷವೇ ಇದನ್ನು ಆರಂಭಿಸಲಿ ಎಂಬುದು ನನ್ನ ಅರಿಕೆ. ಪುಡಿಯ ಬದಲು ಕೊಂಬನ್ನು ಕೊಂಡರೆ ಸಾಕೆಂದು ಕೆಲವರು ಹೇಳುವುದುಂಟು. ಅದೂ ಪೂರ್ಣ ಸರಿಯಲ್ಲ. ಬಣ್ಣವನ್ನು ಬಳಿಯುವುದು ಕೊಂಬಿಗೇ.