ಅಪ್ಪ ನೆಟ್ಟ ಆಲದ ಮರ

ಫ್ರೀಬಿಎಸ್‌ಡಿ ಕಾರ್ಯಾಚರಣ ವ್ಯವಸ್ಥೆಯ 14.0ನೆಯ ಆವೃತ್ತಿ 2023ರ ನವೆಂಬರಿನಲ್ಲಿ ಹೊರಬಂದಾಗ, ಅದರಲ್ಲಿ ಇ-ಅಂಚೆಯನ್ನು ಸಾಗಿಸಲು ಗೊತ್ತುಮಾಡಿದ್ದ ಸೆಂಡ್‌ಮೇಲ್ ತಂತ್ರಾಂಶದ ಜಾಗಕ್ಕೆ ಡ್ರ್ಯಾಗನ್‌ಫ್ಲೈ ಮೇಲ್ ಏಜೆಂಟ್ ಎಂಬ ಚಿಕ್ಕ ತಂತ್ರಾಂಶ ಬಂದಿತು. ಅಂದಿನಿಂದ ನನ್ನ ಪರಿಚಯದ ಹಿರಿಯರೊಬ್ಬರದು ಒಂದೇ ಕೊರಗು: "ನಲವತ್ತು ವರ್ಷ ದುಡಿದದ್ದನ್ನು ಹೊರಗೆ ಹಾಕಿದರಲ್ಲ, ಮೇಷ್ಟ್ರೇ!" ಈಗ ಅವರು, ಒಂದು ಸಣ್ಣ ಗ್ರಂಥಾಲಯದ ಫ್ರೀಬಿಎಸ್‌ಡಿ ಯಂತ್ರವನ್ನು ನೋಡಿಕೊಳ್ಳುವ ನನ್ನ ಹಳೆಯ ಶಿಷ್ಯನಿಗೂ ಸೆಂಡ್‌ಮೇಲನ್ನೇ ಬಳಸೆಂದು ಉಪದೇಶಿಸಿದ್ದಾರೆ. ಆದ್ದರಿಂದ ಸುಮ್ಮನಿರಲಾರೆ.

ಮೊದಲಿಗೆ, ಆ ಆವೃತ್ತಿಯಲ್ಲಿ ಅದನ್ನು ಯಾರೂ ಹೊರಗೆ ಹಾಕಲಿಲ್ಲ. ಬೇಕೆಂದವರು ಚಾಲನೆಗೊಳಿಸಿಕೊಳ್ಳುವಂತೆ ಒಳಗೇ ಉಳಿಸಿದರು.

ಸೆಂಡ್‌ಮೇಲಿನ ಹಿರಿಮೆಯನ್ನು ನಾನು ಅಲ್ಲಗಳೆಯುವುದಿಲ್ಲ. 1980ರ ದಶಕದ ಆರಂಭದಲ್ಲಿ ಎರಿಕ್ ಆಲ್ಮನ್ ಅವರು ಬರ್ಕ್ಲಿಯಲ್ಲಿ ಅದನ್ನು ರಚಿಸಿದಾಗ ಅರ್ಪಾನೆಟ್, ಯುಯುಸಿಪಿ, ಬರ್ಕ್‌ನೆಟ್ ಎಂಬ ಜಾಲಗಳಲ್ಲಿ ವಿಳಾಸ ಬರೆಯುವ ಕ್ರಮ ಒಂದೊಂದರದು ಒಂದೊಂದು ಬಗೆ. ಯುಯುಸಿಪಿಯಲ್ಲಂತೂ ಪತ್ರ ಹಾದುಹೋಗುವ ಯಂತ್ರಗಳ ಹೆಸರನ್ನೆಲ್ಲ ನಡುವೆ ಆಶ್ಚರ್ಯಸೂಚಕ ಚಿಹ್ನೆ ಹಾಕಿ ಪೋಣಿಸಬೇಕಿತ್ತು. ಒಂದು ಜಾಲದ ವಿಳಾಸವನ್ನು ಇನ್ನೊಂದರ ಕ್ರಮಕ್ಕೆ ತಿರುಗಿಸಿ ಬರೆಯಲೆಂದೇ ಸೆಂಡ್‌ಮೇಲಿನಲ್ಲಿ ಆ ಜಟಿಲ ನಿಯಮಾವಳಿ ಹುಟ್ಟಿತು. ಇಂದು ಆ ಜಾಲಗಳೆಲ್ಲಿ? ವ್ಯಾಧಿ ವಾಸಿಯಾದ ಮೇಲೂ ಕಷಾಯ ಕುಡಿಯುತ್ತಲೇ ಇರಬೇಕೆ?

ಅದರ ರಚನೆಯಲ್ಲಿಯೂ ಅಪಾಯವಿತ್ತು. ಜಾಲದಿಂದ ಪತ್ರ ಸ್ವೀಕರಿಸುವುದು, ವಿಳಾಸ ತಿದ್ದುವುದು, ರವಾನಿಸುವುದು ಎಲ್ಲವನ್ನೂ ಮಾಡುತ್ತಿದ್ದುದು ಯಂತ್ರದ ಸರ್ವಾಧಿಕಾರವಿದ್ದ ಒಂದೇ ಕ್ರಮವಿಧಿ. 1988ರ ನವೆಂಬರ್ 2ರಂದು ಹಬ್ಬಿದ ಮಾರಿಸ್ ಹುಳು ಯಂತ್ರಗಳೊಳಗೆ ನುಗ್ಗಲು ಹಿಡಿದ ದಾರಿಗಳಲ್ಲಿ ಒಂದು, ಸೆಂಡ್‌ಮೇಲಿನಲ್ಲಿ ದೋಷಪರೀಕ್ಷೆಗೆಂದು ತೆರೆದಿಟ್ಟಿದ್ದ ಕಿಂಡಿ. ಆ ಕಿಂಡಿಯನ್ನು ಮುಚ್ಚಿದರು, ಮುಂದೆ ಅಧಿಕಾರವನ್ನೂ ಮೊಟಕುಗೊಳಿಸಿದರು, ನಿಜ. ಆದರೆ 1998ರಲ್ಲಿ ಐಬಿಎಂನಲ್ಲಿದ್ದ ವೀತ್ಸೆ ವೆನೆಮಾ ಅವರು ಬಿಡುಗಡೆ ಮಾಡಿದ ಪೋಸ್ಟ್‌ಫಿಕ್ಸ್ ಮೊದಲಿನಿಂದಲೂ ಕೆಲಸವನ್ನು ಹಲವು ಸಣ್ಣ ಕ್ರಮವಿಧಿಗಳಿಗೆ ಹಂಚಿತು. ಒಂದೊಂದಕ್ಕೂ ಅದರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ. ಬರ್ನ್‌ಸ್ಟೈನ್ ಅವರ ಕ್ಯೂಮೇಲ್ ಇದೇ ಹಾದಿಯನ್ನು ಇನ್ನೂ ಮೊದಲೇ ಹಿಡಿದಿತ್ತು. ಆದರೆ ತಿದ್ದಿದ ಪ್ರತಿಯನ್ನು ಹಂಚಲು ಅದರ ಕರ್ತೃ 2007ರವರೆಗೆ ಮುಕ್ತವಾಗಿ ಬಿಡಲಿಲ್ಲ. ಎಂಥ ಜಾಣತನ ಎಂಥ ಹಟಕ್ಕೆ ಸಿಕ್ಕಿ ಸೊರಗಿತು!

ಆಯ್ಕೆಗೆ ಮೊದಲು ಕೇಳಬೇಕಾದದ್ದು, ಈ ಯಂತ್ರ ಹೊರಗಿನ ಪತ್ರಗಳನ್ನು ಸ್ವೀಕರಿಸಬೇಕೆ ಎಂಬುದು. ರಾತ್ರಿಯ ಕೆಲಸಗಳ ವರದಿಯನ್ನು ಮೇಲ್ವಿಚಾರಕನಿಗೆ ಕಳುಹಿಸಿದರೆ ಸಾಕೆಂದಾದರೆ ಡ್ರ್ಯಾಗನ್‌ಫ್ಲೈ ಧಾರಾಳವಾಯಿತು. ಅದು ಜಾಲದತ್ತ ಬಾಗಿಲನ್ನೇ ತೆರೆಯುವುದಿಲ್ಲ. ಗ್ರಂಥಾಲಯಕ್ಕಾದರೋ ಸದಸ್ಯರ ಪತ್ರಗಳು ಬರಬೇಕು. ಆದ್ದರಿಂದ ಪೋಸ್ಟ್‌ಫಿಕ್ಸ್ ಹಾಕೆಂದು ಹೇಳಿದ್ದೇನೆ. ಅದರ ಮುಖ್ಯ ಕಡತದಲ್ಲಿ ಎಡಕ್ಕೆ ಹೆಸರು, ನಡುವೆ ಸಮಚಿಹ್ನೆ, ಬಲಕ್ಕೆ ಬೆಲೆ. ಎಂಟನೆಯ ತರಗತಿಯ ಬೀಜಗಣಿತದಷ್ಟು ಸರಳ. 'ಪೋಸ್ಟ್‌ಕಾನ್ಫ್ -ಎನ್' ಎಂದು ಕೇಳಿದರೆ ಆ ಕಡತದಲ್ಲಿ ನಾವಾಗಿ ಬರೆದಿಟ್ಟ ಬೆಲೆಗಳನ್ನಷ್ಟೇ ತೋರಿಸುತ್ತದೆ.

ನನ್ನ ಶಿಷ್ಯ ಬರುವ ವರ್ಷ ಪರಊರಿಗೆ ಹೋಗಲಿದ್ದಾನೆ. ಆ ಯಂತ್ರವನ್ನು ವಹಿಸಿಕೊಳ್ಳುವವರು ಗ್ರಂಥಪಾಲಕಿ. ಒಂದು ಬೆಳಗ್ಗೆ ಪತ್ರಗಳು ಬಾರದೆ ನಿಂತಾಗ, ಸೆಂಡ್‌ಮೇಲಿನ ನಿಯಮಾವಳಿಯನ್ನು ಆಕೆಗೆ ಓದಿ ಹೇಳಲು ಹಿರಿಯರು ಗ್ರಂಥಾಲಯಕ್ಕೆ ಬರುತ್ತಾರೆಯೆ? ಬರುವುದಾದರೆ ಈಗಲೇ ತಿಳಿಸಲಿ.